ರಾತ್ರಿ ಓಡುವ ಸ್ಕ್ರಿಪ್ಟಿಗೆ ಎಂಟು ಸೂತ್ರಗಳು

ಪೋಸ್ಟ್‌ಗ್ರೆಸ್ ಸರ್ವರಿನ ನಿತ್ಯದ ಕೆಲಸವನ್ನು ಶೆಲ್ ಸ್ಕ್ರಿಪ್ಟಿಗೆ ವಹಿಸುವುದು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆ ಸ್ಕ್ರಿಪ್ಟ್ ಕೈಕೊಟ್ಟ ದಿನವೇ ನಮಗೆ ತಿಳಿಯುವಂತೆ ಮಾಡುವುದಕ್ಕೆ ಹೆಚ್ಚು ಯೋಚನೆ ಬೇಕು.

1. ಮೊದಲ ತಪ್ಪಿಗೇ ನಿಲ್ಲಿಸಿ. ಒಂದು ಸಾಲು ಸೋತರೂ ಬ್ಯಾಶ್ ಮುಂದಿನ ಸಾಲಿಗೆ ಹೋಗುತ್ತದೆ. ಪಿಎಸ್‌ಕ್ಯೂಎಲ್ ಕೂಡ ಅಷ್ಟೇ: ಫೈಲಿನ ನಡುವೆ ಎರರ್ ಬಂದರೂ ಕೊನೆಯವರೆಗೆ ಓಡಿ, ಎಲ್ಲ ಸರಿಯಿದೆ ಎಂಬಂತೆ 0 ಕೊಡುತ್ತದೆ. 'ಆನ್ ಎರರ್ ಸ್ಟಾಪ್' ಹಾಕಿದರೆ ಅಲ್ಲೇ ನಿಂತು 3 ಎಂಬ ಎಕ್ಸಿಟ್ ಕೋಡ್ ಕೊಡುತ್ತದೆ. ಇದನ್ನು ಹಾಕದ ಸ್ಕ್ರಿಪ್ಟನ್ನು ಪ್ರೊಡಕ್ಷನ್‌ಗೆ ಬಿಡಬೇಡಿ.

2. ಪೈಪ್ ಬಳಸಿದರೆ 'ಪೈಪ್‌ಫೇಲ್' ಹಾಕಿ. ಪಿಜಿ ಡಂಪ್ ಅರ್ಧಕ್ಕೆ ಸತ್ತರೂ ಜಿಜಿಪ್ ತನಗೆ ಸಿಕ್ಕಷ್ಟನ್ನು ಕುಗ್ಗಿಸಿ ಯಶಸ್ವಿಯಾಗಿಯೇ ಮುಗಿಯುತ್ತದೆ. ಶೆಲ್ ಕೊನೆಯ ಕಮಾಂಡಿನ ಫಲಿತಾಂಶವನ್ನಷ್ಟೇ ನೋಡುತ್ತದೆ.

3. ಕಮಾಂಡಿನ ಪೂರ್ತಿ ಪಾತ್ ಬರೆಯಿರಿ. ಕ್ರಾನ್‌ಗೆ ನಿಮ್ಮ ಲಾಗಿನ್ ಸೆಟ್ಟಿಂಗುಗಳು ಗೊತ್ತಿರುವುದಿಲ್ಲ. ಒಂದೇ ಯಂತ್ರದಲ್ಲಿ ಎರಡು ಆವೃತ್ತಿಯ ಪಿಜಿ ಡಂಪ್ ಇದ್ದರೆ ಹಳೆಯದು ಓಡಬಹುದು. ತನಗಿಂತ ಹೊಸ ಪ್ರಮುಖ ಆವೃತ್ತಿಯ ಸರ್ವರನ್ನು ಡಂಪ್ ಮಾಡಲು ಅದು ಒಪ್ಪುವುದಿಲ್ಲ.

4. ಪಾಸ್‌ವರ್ಡ್ ಸ್ಕ್ರಿಪ್ಟಿನೊಳಗೆ ಬೇಡ. ಪಿಜಿಪಾಸ್ ಫೈಲಿನಲ್ಲಿಟ್ಟು ಅನುಮತಿಯನ್ನು 0600 ಮಾಡಿ. ಅದಕ್ಕಿಂತ ಸಡಿಲವಾಗಿದ್ದರೆ ಆ ಫೈಲನ್ನು ಪೋಸ್ಟ್‌ಗ್ರೆಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

5. ನಿನ್ನೆಯ ಓಟ ಮುಗಿಯದೆ ಇಂದಿನದು ಶುರುವಾಗದಿರಲಿ. ಎಫ್‌ಲಾಕ್ ಸಾಕು.

6. ಅಳಿಸುವ ಮೊದಲು ಯಾವ ಯಂತ್ರವೆಂದು ಸ್ಕ್ರಿಪ್ಟೇ ಪರೀಕ್ಷಿಸಲಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ರೆಪ್ಲಿಕಾದ ಡೇಟಾ ಡೈರೆಕ್ಟರಿ ಎಂದುಕೊಂಡು ಪ್ರೈಮರಿಯದನ್ನೇ ಅಳಿಸಿದರು. ತಕ್ಷಣ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಹೊತ್ತಲ್ಲದ ಹೊತ್ತಿನಲ್ಲಿ ದಣಿದು ಕೂತ ಯಾರಿಗೂ ಆಗಬಹುದಾದದ್ದು ಇದು. ಅದಕ್ಕೇ ಆ ಪರೀಕ್ಷೆಯನ್ನು ಮನುಷ್ಯನ ಕಣ್ಣಿಗೆ ಬಿಡಬಾರದು. ಸರ್ವರ್ ಎದ್ದಿದ್ದರೆ 'ಪಿಜಿ ಈಸ್ ಇನ್ ರಿಕವರಿ' ಎಂದು ಕೇಳಿ. ಮಲಗಿದ್ದರೆ, 12ನೇ ಆವೃತ್ತಿಯಿಂದೀಚೆಗೆ, ಡೈರೆಕ್ಟರಿಯಲ್ಲಿ 'ಸ್ಟ್ಯಾಂಡ್‌ಬೈ ಸಿಗ್ನಲ್' ಫೈಲಿದೆಯೇ ನೋಡಿ. ರೆಪ್ಲಿಕಾ ಎಂದು ಖಚಿತವಾಗದಿದ್ದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲಬೇಕು.

7. ಮೌನವನ್ನೇ ಅಪಾಯದ ಸೂಚನೆಯೆಂದು ತಿಳಿಯಿರಿ. ಗಿಟ್‌ಲ್ಯಾಬ್ ಘಟನೆಯ ನಿಜವಾದ ಪಾಠ ಇಲ್ಲಿದೆ. ಅವರ ಡೇಟಾಬೇಸ್ 9.6, ಓಡುತ್ತಿದ್ದದ್ದು 9.2ರ ಪಿಜಿ ಡಂಪ್. ಬ್ಯಾಕಪ್ ಸೋಲುತ್ತಲೇ ಇತ್ತು. ಸೋತಿತೆಂದು ತಿಳಿಸುವ ಇಮೇಲುಗಳು ಸರಿಯಾದ ಸಹಿಯಿಲ್ಲದೆ ತಿರಸ್ಕೃತವಾಗಿ ಯಾರನ್ನೂ ತಲುಪಲಿಲ್ಲ. ಕೊನೆಗೆ ಕೈಹಿಡಿದದ್ದು, ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಇದೆಲ್ಲವನ್ನೂ ಆ ಸಂಸ್ಥೆ ಮುಚ್ಚಿಡದೆ ಬರೆದು ಪ್ರಕಟಿಸಿತು. ನಮ್ಮ ವೃತ್ತಿಗೆ ಅದೊಂದು ದೊಡ್ಡ ಉಪಕಾರ. ಆದ್ದರಿಂದ ಸೋತಾಗ ಕೂಗುವ ಸ್ಕ್ರಿಪ್ಟ್ ಸಾಲದು. ಗೆದ್ದಾಗ ಬೇರೊಂದು ಯಂತ್ರಕ್ಕೆ ವರದಿ ಕಳಿಸಲಿ. ಹೊತ್ತಿಗೆ ಸರಿಯಾಗಿ ಆ ವರದಿ ಬಾರದಿದ್ದರೆ ಆ ಯಂತ್ರವೇ ಎಚ್ಚರಿಸಲಿ.

8. ಪ್ರತಿ ವಾರ ಖಾಲಿ ಸರ್ವರಿನಲ್ಲಿ ರಿಸ್ಟೋರ್ ಮಾಡಿ, ಅದನ್ನೂ ಸ್ಕ್ರಿಪ್ಟಿನಿಂದಲೇ. ಮುಖ್ಯ ಟೇಬಲ್ಲಿನ ಕೊನೆಯ ದಾಖಲೆಯ ತಾರೀಖು ಹೋಲಿಸಿ. ಪಿಜಿ ಡಂಪ್ ಬಳಕೆದಾರರ ರೋಲ್‌ಗಳನ್ನು ಉಳಿಸುವುದಿಲ್ಲ, ಅವನ್ನು 'ಪಿಜಿ ಡಂಪ್ ಆಲ್'ನಿಂದ ಬೇರೆಯಾಗಿ ತೆಗೆಯಬೇಕು. ಖಾಲಿ ಸರ್ವರಿನಲ್ಲಿ ರಿಸ್ಟೋರ್ ಮಾಡಿದಾಗ ಈ ಕೊರತೆ ಮೊದಲ ದಿನವೇ ಎದ್ದು ಕಾಣುತ್ತದೆ. ಹಳೆಯ ಬ್ಯಾಕಪ್ಪುಗಳನ್ನು ಬರೀ ವಯಸ್ಸು ನೋಡಿ ಅಳಿಸಬೇಡಿ: ಹೊಸದು ಬರುವುದು ನಿಂತಿದ್ದರೆ, 14 ದಿನಕ್ಕಿಂತ ಹಳೆಯದನ್ನು ತೆಗೆಯುವ ಸಾಲು ಕೊನೆಯ ಒಳ್ಳೆಯ ಪ್ರತಿಯನ್ನೂ ತೆಗೆದುಹಾಕುತ್ತದೆ. ರಿಸ್ಟೋರ್ ಆಗಿ ತೇರ್ಗಡೆಯಾದ ಪ್ರತಿ ಕೈಯಲ್ಲಿದ್ದರೆ ಮಾತ್ರ ಆ ಸಾಲು ಓಡಲಿ.