ಪಾಲು, ಹಾಲು ಮತ್ತು ಪ್ರೋಟೀನುಗಳ ಅಕ್ಷರಮಾಲೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಜೀವವಿಜ್ಞಾನವನ್ನು ಕುರಿತು ಲೇಖನ ಬರೆಯ ಹೊರಟರೆ ವಾಚಕರಿಗೆ ಸೋಜಿಗವೆನಿಸುವುದು ಸಹಜ. ಹತ್ತನೆಯ ತರಗತಿಯಾದ ಮೇಲೆ ನಾನು ವಿಜ್ಞಾನದ ಪುಸ್ತಕವನ್ನು ಮುಟ್ಟಿದವನಲ್ಲ. ಈ ವಿಷಯಕ್ಕೆ ನನ್ನನ್ನು ಕರೆತಂದದ್ದು ನಮ್ಮ ಭಾಷಾವಿಜ್ಞಾನದ ತರಗತಿ. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಹಳಗನ್ನಡದ ಪಕಾರವು ಹಕಾರವಾದ ಸಂಗತಿಯನ್ನು ಅಧ್ಯಾಪಕರು ಅಂದು ಪಾಠ ಮಾಡುತ್ತಿದ್ದರು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು. ಪೊಲ, ಪೆಸರ್, ಪೂ ಮೊದಲಾದುವು ಹೊಲ, ಹೆಸರು, ಹೂ ಆದುವು. ನಡುಗನ್ನಡದ ಕಾಲಕ್ಕೆ ಈ ಮಾರ್ಪಾಟು ನೆಲೆಗೊಂಡಿತು. ಇಷ್ಟನ್ನು ಹೇಳಿ ಅವರು ಕರಿಹಲಗೆಯ ಮೇಲೆ ಮೂರನೆಯ ಸಾಲೊಂದನ್ನು ಬರೆದರು: ಪಾಲ್, ಹಾಲು, ಆಲು. ನನ್ನ ಮುಖ ಕೆಂಪಾಯಿತು. ನಮ್ಮ ಊರಿನಲ್ಲಿ ಹಾಲನ್ನು ಆಲು ಎನ್ನುತ್ತಾರೆ. ನಮ್ಮ ಅವ್ವ ಇಂದಿಗೂ ಹಾಗೆಯೇ ಅನ್ನುತ್ತಾಳೆ. ಮೊದಲನೆಯ ವರ್ಷ ತರಗತಿಯಲ್ಲಿ ಗದ್ಯಪಾಠ ಓದುವಾಗ ನನ್ನ ಬಾಯಿಂದಲೂ ಹಾಗೆ ಬಂದು, ಹಿಂದಿನ ಬೆಂಚಿನವರು ನಕ್ಕಿದ್ದರು. ಅಂದಿನಿಂದ ನಾನು ಹಕಾರವನ್ನು ಎಚ್ಚರದಿಂದ ಎಣಿಸಿ ಆಡುವವನಾಗಿದ್ದೆ. ಅಧ್ಯಾಪಕರಾದರೋ, “ಇದು ತಪ್ಪಲ್ಲಪ್ಪ, ಸಾವಿರ ವರ್ಷದ ನಡಿಗೆಯಲ್ಲಿ ಮುಂದಿನ ಹೆಜ್ಜೆ” ಎಂದು ಹೇಳಿ ಪಾಠ ಮುಂದುವರಿಸಿದರು.

ಆ ರಾತ್ರಿ ವಿದ್ಯಾರ್ಥಿನಿಲಯದಲ್ಲಿ ಈ ಮೂರು ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳುತ್ತಿದ್ದಾಗ, ಪಕ್ಕದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವ ನನ್ನ ಕೊಠಡಿಯ ಗೆಳೆಯ ಇಣುಕಿ ನೋಡಿ, “ಏನೋ, ನಮ್ಮ ಬಯೋಇನ್‌ಫರ್ಮ್ಯಾಟಿಕ್ಸ್ ನೋಟ್ಸು ಕಾಪಿ ಮಾಡ್ತಿದೀಯಾ?” ಎಂದನು. ತಮಾಷೆಗೆಂದು ತಿಳಿದೆ. ಅವನು ತನ್ನ ಪುಸ್ತಕವನ್ನು ತೆರೆದು ತೋರಿಸಿದಾಗ ಅಲ್ಲಿಯೂ ಅಕ್ಷರಗಳ ಸಾಲುಗಳೇ! ಒಂದರ ಕೆಳಗೊಂದು, ನಡುನಡುವೆ ಅಡ್ಡಗೆರೆಯ ತೆರಪುಗಳು.

ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಮಣಿಗಳ ಬಗೆ ಮುಖ್ಯವಾಗಿ ೨೦. ಅವು ಯಾವ ಕ್ರಮದಲ್ಲಿ ಬರುತ್ತವೆಂಬುದರ ಮೇಲೆ ಆ ಪ್ರೋಟೀನಿನ ಆಕಾರವೂ ಕೆಲಸವೂ ನಿಂತಿವೆ. ಈ ಕ್ರಮವನ್ನು ಪೂರ್ತಿಯಾಗಿ ಮೊದಲು ಓದಿದವರು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್. ಅವರು ಓದಿದುದು ಇನ್ಸುಲಿನ್ನಿನ ೫೧ ಮಣಿಗಳನ್ನು. ೧೯೫೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಮನುಷ್ಯನ ಇನ್ಸುಲಿನ್ನಿಗೂ ಹಂದಿಯದಕ್ಕೂ ಇರುವ ವ್ಯತ್ಯಾಸ ಒಂದೇ ಮಣಿ, ದನದ್ದಕ್ಕೆ ಮೂರು. ಸಕ್ಕರೆ ಕಾಯಿಲೆಯವರು ಬಹುಕಾಲ ಹಂದಿ, ದನಗಳ ಇನ್ಸುಲಿನ್ನನ್ನೇ ಚುಚ್ಚಿಸಿಕೊಂಡು ಬದುಕಿದುದರ ಗುಟ್ಟು ಇಲ್ಲಿದೆ. ಆದರೆ ಒಂದು ಮಣಿಯ ವ್ಯತ್ಯಾಸವು ಯಾವಾಗಲೂ ಅಲ್ಪವೆಂದು ಬಗೆಯಬಾರದು. ರಕ್ತದ ಹಿಮೋಗ್ಲೋಬಿನ್ನಿನ ಬೀಟಾ ಸರದಲ್ಲಿ ೧೪೬ ಮಣಿಗಳಿದ್ದು, ಅವುಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಆದರೆ ಕುಡಗೋಲು ಕಣದ ರೋಗ ಬರುತ್ತದೆ.

ಇನ್ನು ನನ್ನ ಮನಸ್ಸನ್ನು ಹಿಡಿದ ವ್ಯಕ್ತಿಯ ವಿಚಾರ. ಮಾರ್ಗರೆಟ್ ಡೇಹಾಫ್ ಎಂಬಾಕೆ ೧೯೨೫ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗಾಗಿ ಅಣುಗಳ ಲೆಕ್ಕವನ್ನು ರಂಧ್ರ ಹಾಕಿದ ಕಾರ್ಡುಗಳ ಯಂತ್ರದಲ್ಲಿ ಮಾಡಿದರು. ೧೯೬೦ರಲ್ಲಿ ಮೇರಿಲ್ಯಾಂಡಿನ ನ್ಯಾಷನಲ್ ಬಯೋಮೆಡಿಕಲ್ ರಿಸರ್ಚ್ ಫೌಂಡೇಷನ್ನಿಗೆ ಸೇರಿದರು. ಅದರ ಸ್ಥಾಪಕರಾದ ರಾಬರ್ಟ್ ಲೆಡ್ಲಿಯವರು ದಂತವೈದ್ಯ ಪದವಿಯನ್ನೂ ಪಡೆದಿದ್ದವರು ಎಂಬುದನ್ನು ಓದಿ ನನಗೆ ಸ್ವಲ್ಪ ಧೈರ್ಯ ಬಂದಿತು. ಈ ಶಾಸ್ತ್ರಕ್ಕೆ ಜನ ಎಲ್ಲೆಲ್ಲಿಂದಲೋ ಬಂದಿದ್ದಾರೆ! ಆ ದಿನಗಳಲ್ಲಿ ಉದ್ದವಾದ ಪ್ರೋಟೀನನ್ನು ಒಮ್ಮೆಗೇ ಓದಲಾಗುತ್ತಿರಲಿಲ್ಲ. ಅದನ್ನು ತುಂಡು ತುಂಡು ಮಾಡಿ, ತುಂಡುಗಳನ್ನು ಓದಿ, ಒಂದರ ಕೊನೆ ಇನ್ನೊಂದರ ಮೊದಲಿನೊಡನೆ ಎಲ್ಲಿ ಹೊಂದುತ್ತದೆಂದು ನೋಡಿ ಜೋಡಿಸಬೇಕಾಗಿತ್ತು. ಚೂರಾದ ತಾಳೆಗರಿಗಳನ್ನು ಜೋಡಿಸಿದಂತೆಯೇ ಇದು. ಈ ಜೋಡಣೆಯ ಕೆಲಸವನ್ನು ಗಣಕಯಂತ್ರದಿಂದ ಮಾಡಿಸುವ ‘ಕಾಂಪ್ರೋಟೀನ್’ ಎಂಬ ಕ್ರಮವಿಧಿಯನ್ನು ಡೇಹಾಫ್ ಮತ್ತು ಲೆಡ್ಲಿ ೧೯೬೨ರಲ್ಲಿ ಪ್ರಕಟಿಸಿದರು.

೧೯೬೫ರಲ್ಲಿ ಡೇಹಾಫ್ ಮತ್ತು ಸಂಗಡಿಗರು ‘ಅಟ್ಲಾಸ್ ಆಫ್ ಪ್ರೋಟೀನ್ ಸೀಕ್ವೆನ್ಸ್ ಅಂಡ್ ಸ್ಟ್ರಕ್ಚರ್’ ಎಂಬ ಪುಸ್ತಕವನ್ನು ಹೊರತಂದರು. ಅದುವರೆಗೆ ಲೋಕದಲ್ಲಿ ಓದಲ್ಪಟ್ಟು ಬೇರೆ ಬೇರೆ ಪತ್ರಿಕೆಗಳಲ್ಲಿ ಚದುರಿದ್ದ ಪ್ರೋಟೀನು ಸರಗಳನ್ನು ಒಂದೆಡೆ ಸೇರಿಸಿದ್ದೇ ಅದರ ಕೆಲಸ. ಅದರಲ್ಲಿದ್ದುವು ೬೫. ಅಷ್ಟೇ! ಇಂದು ಗಣಕಯಂತ್ರಗಳ ಸಂಗ್ರಹಗಳಲ್ಲಿ ಇರುವುದು ಕೋಟಿಗಟ್ಟಲೆ. ಪ್ರತಿ ಅಮೈನೋ ಆಮ್ಲದ ಹೆಸರಿಗೆ ಮೂರು ಅಕ್ಷರ ಬರೆಯುವ ರೂಢಿಯಿದ್ದುದನ್ನು ಬಿಟ್ಟು ಒಂದೇ ಅಕ್ಷರದ ಸಂಕೇತವನ್ನು ಬಳಕೆಗೆ ತಂದವರೂ ಅವರೇ. ಗ್ಲೈಸೀನಿಗೆ ‘ಜಿ’, ಅಲನೀನಿಗೆ ‘ಎ’, ಹೀಗೆ. ನಮ್ಮಲ್ಲಿ ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯ ಮೊದಲನೆಯ ಸಂಪುಟವನ್ನು ೧೯೦೭ರಲ್ಲಿ ಹೊರತರದಿದ್ದರೆ ನಮ್ಮ ಸಾಹಿತ್ಯ ಚರಿತ್ರೆಯ ಪಾಠ ಹೇಗಿರುತ್ತಿತ್ತೆಂದು ಯೋಚಿಸಿದರೆ, ಸಂಗ್ರಹದ ಕೆಲಸದ ಬೆಲೆ ತಿಳಿಯುತ್ತದೆ. ಸಂಗ್ರಹವೆಂದರೆ ಗುಮಾಸ್ತರ ಕೆಲಸ, ಸಂಶೋಧನೆಯಲ್ಲ ಎಂಬ ಮಾತನ್ನು ನಾವು ಕೇಳುತ್ತಲೇ ಇರುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ.

ಸಂಗ್ರಹವಾದ ಮೇಲೆ ಹೋಲಿಕೆ. ಎರಡು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು, ಬೇಕಾದಲ್ಲಿ ತೆರಪು ಬಿಟ್ಟು, ಹೆಚ್ಚು ಅಕ್ಷರಗಳು ಹೊಂದುವಂತೆ ಮಾಡಬೇಕು. ಕೇಳುವುದಕ್ಕೆ ಸುಲಭ. ಆದರೆ ನೂರು ನೂರು ಅಕ್ಷರಗಳ ಎರಡು ಸಾಲುಗಳನ್ನು ಹೀಗೆ ಹೊಂದಿಸಬಹುದಾದ ಬಗೆಗಳನ್ನು ಎಣಿಸಿದರೆ ಒಂದರ ಮುಂದೆ ೫೦ಕ್ಕೂ ಹೆಚ್ಚು ಸೊನ್ನೆಗಳನ್ನು ಹಾಕಬೇಕಾಗುತ್ತದೆ. ಒಂದೊಂದಾಗಿ ಪರೀಕ್ಷಿಸುವುದು ಯಾವ ಯಂತ್ರಕ್ಕೂ ಆಗದ ಮಾತು. ಸಾಲ್ ನೀಡಲ್‌ಮನ್ ಮತ್ತು ಕ್ರಿಶ್ಚಿಯನ್ ವುನ್ಶ್ ಎಂಬಿಬ್ಬರು ೧೯೭೦ರಲ್ಲಿ ಇದಕ್ಕೊಂದು ಉಪಾಯ ಹೇಳಿದರು. ಒಂದು ಸಾಲನ್ನು ಮೇಲೆ ಅಡ್ಡಲಾಗಿಯೂ ಇನ್ನೊಂದನ್ನು ಪಕ್ಕದಲ್ಲಿ ಉದ್ದಕ್ಕೂ ಬರೆದು ಮನೆಗಳ ಪಟ್ಟಿ ಹಾಕಬೇಕು. ಒಂದೊಂದು ಮನೆಗೂ, ಅಲ್ಲಿಯವರೆಗೆ ಬರಬಹುದಾದ ದಾರಿಗಳಲ್ಲಿ ಅತ್ಯುತ್ತಮವಾದುದರ ಅಂಕವನ್ನು ಮಾತ್ರ ಬರೆಯಬೇಕು. ಈಗ ರೂಢಿಯಲ್ಲಿರುವ ಕ್ರಮದಲ್ಲಿ, ಅದಕ್ಕೆ ಎಡಗಡೆಯ, ಮೇಲಿನ ಮತ್ತು ಮೂಲೆಯ ಮನೆಗಳ ಅಂಕಗಳನ್ನು ನೋಡಿದರೆ ಸಾಕು. ಹಿಂದಿನ ಕೆಟ್ಟ ದಾರಿಗಳನ್ನೆಲ್ಲ ಮರೆತುಬಿಡಬಹುದು. ನೂರು ಅಕ್ಷರಗಳ ಸಾಲುಗಳಿಗೆ ೧೦,೦೦೦ ಮನೆಗಳು ತುಂಬಿದರೆ ಕೆಲಸ ಮುಗಿಯಿತು. ಕೊನೆಯ ಮನೆಯಿಂದ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಹೊಂದಿಕೆ ಸಿಗುತ್ತದೆ. ನಾನೂ ನನ್ನ ಗೆಳೆಯನೂ ಚೌಕಳಿ ಹಾಳೆಯ ಮೇಲೆ ಇದನ್ನು ಮಾಡಿ ನೋಡಿದೆವು.

ಅಲ್ಲಿ ಒಂದು ತೊಡಕು ಕಂಡಿತು. ಒಂದೇ ಅಕ್ಷರ ಎದುರಾದರೆ ೨ ಅಂಕ, ಬೇರೆ ಅಕ್ಷರ ಎದುರಾದರೆ ಒಂದು ಕಳೆ, ತೆರಪಿಗೂ ಒಂದು ಕಳೆ ಎಂದು ನಿಯಮ ಮಾಡಿಕೊಂಡೆವು. ‘ಪಾಲ್’ ಎಂಬುದನ್ನು ಪ್, ಆ, ಲ್ ಎಂದು ಬಿಡಿಸಿ ‘ಹಾಲು’ ಎಂಬುದರೊಡನೆ ಹೊಂದಿಸಿದೆವು. ಪ್-ಹ್ ಎದುರಾದುದಕ್ಕೆ ಒಂದು ಕಳೆ, ಆಕಾರಕ್ಕೆ ೨, ಲಕಾರಕ್ಕೆ ೨, ಕೊನೆಯ ಉಕಾರಕ್ಕೆ ಜೊತೆಯಿಲ್ಲದುದರಿಂದ ಒಂದು ಕಳೆ, ಒಟ್ಟು ೨. ಅದೇ ‘ಪಾಲ್’ ಎಂಬುದನ್ನು ‘ಕಾಲ್’ ಎಂಬುದರೊಡನೆ ಹೊಂದಿಸಿದರೆ ಪ್-ಕ್ ಎದುರಿಗೆ ಒಂದು ಕಳೆ, ಮಿಕ್ಕವಕ್ಕೆ ೪, ಒಟ್ಟು ೩! ಎಂದರೆ ನಮ್ಮ ಲೆಕ್ಕದ ಪ್ರಕಾರ ಪಾಲಿಗೆ ಹಾಲಿಗಿಂತ ಕಾಲೇ ಹತ್ತಿರದ ನೆಂಟನಾಯಿತು. ಗೆಳೆಯ ನಕ್ಕನು. “ನಿನ್ನ ಮಾರ್ಕು ಸರಿಯಿಲ್ಲ ಕಣೋ. ಯಾವುದು ಯಾವುದಾಗಿ ಬದಲಾಗುತ್ತೆ ಅಂತ ಮೊದಲು ಗೊತ್ತಿರಬೇಕು” ಎಂದನು.

ಡೇಹಾಫ್ ಅವರ ಹಿರಿಮೆ ನನಗೆ ಅರ್ಥವಾದದ್ದು ಆಗಲೇ. ಅವರೂ ಸಂಗಡಿಗರೂ ಹತ್ತಿರದ ಸಂಬಂಧವುಳ್ಳ ಪ್ರೋಟೀನುಗಳ ೭೧ ಗುಂಪುಗಳನ್ನು ತೆಗೆದುಕೊಂಡು, ಅವುಗಳಲ್ಲಿ ನಡೆದ ೧,೫೭೨ ಬದಲಾವಣೆಗಳನ್ನು ಎಣಿಸಿದರು. ಯಾವ ಮಣಿ ಯಾವ ಮಣಿಯಾಗಿ ಎಷ್ಟು ಸಲ ಬದಲಾಗಿದೆ ಎಂಬ ಈ ಪಟ್ಟಿಯಿಂದ ಅಂಕಗಳ ಕೋಷ್ಟಕವನ್ನು ಕಟ್ಟಿ ೧೯೭೮ರಲ್ಲಿ ಪ್ರಕಟಿಸಿದರು. ‘ಪ್ಯಾಮ್’ ಕೋಷ್ಟಕವೆಂದು ಅದು ಪ್ರಸಿದ್ಧ. ಅದರ ಹೆಸರಿನಲ್ಲಿ ‘ಅಂಗೀಕೃತ’ ಎಂಬರ್ಥದ ಮಾತೊಂದಿದೆ. ಬದಲಾವಣೆ ಆಗುವುದು ಒಂದು, ಆದ ಬದಲಾವಣೆಯನ್ನು ಪ್ರಕೃತಿ ಒಪ್ಪಿ ಉಳಿಸಿಕೊಳ್ಳುವುದು ಇನ್ನೊಂದು; ನಮ್ಮ ಕಣ್ಣಿಗೆ ಬೀಳುವುದು ಉಳಿದದ್ದೇ. ಐಸೊಲ್ಯೂಸೀನು ವ್ಯಾಲೀನಾಗುವುದು ಸಾಮಾನ್ಯ, ಏಕೆಂದರೆ ಗುಣದಲ್ಲಿ ಅವೆರಡೂ ದಾಯಾದಿಗಳು. ಟ್ರಿಪ್ಟೊಫಾನ್ ಎಂಬ ದೊಡ್ಡ ಮಣಿಯಾದರೋ ಸುಲಭವಾಗಿ ಜಾಗ ಬಿಡುವುದಿಲ್ಲ. ನಾವೂ ಹಾಗೆಯೇ ಪ್-ಹ್ ಎದುರಾದರೆ ಕಳೆಯುವುದಕ್ಕೆ ಬದಲು ಒಂದು ಅಂಕ ಕೊಟ್ಟು, ಕೊನೆಯ ಉಕಾರಕ್ಕೆ ದಂಡ ಬೇಡವೆಂದು ಬಿಟ್ಟೆವು. ಹಾಲಿಗೆ ೫ ಬಂದಿತು, ಕಾಲು ೩ಕ್ಕೆ ನಿಂತಿತು.

ಇದನ್ನು ಅಧ್ಯಾಪಕರಿಗೆ ತೋರಿಸಿದಾಗ ಅವರು ಸಂತೋಷಪಟ್ಟರಾದರೂ ಎರಡು ಆಕ್ಷೇಪಗಳನ್ನು ಎತ್ತಿದರು. ಭಾಷೆಯಲ್ಲಿ ಧ್ವನಿ ಬದಲಾದರೆ ಅದೇ ಸನ್ನಿವೇಶದಲ್ಲಿರುವ ಮಾತುಗಳೆಲ್ಲ ಸಾಲಾಗಿ ಬದಲಾಗುತ್ತವೆ; ಪ್ರೋಟೀನಿನಲ್ಲಿ ಒಂದು ಸ್ಥಾನದ ಮಣಿ ಬದಲಾದರೆ ಬೇರೆ ಸ್ಥಾನದ ಅದೇ ಮಣಿ ಬದಲಾಗಬೇಕೆಂಬ ನಿಯಮವಿಲ್ಲ. ಆದುದರಿಂದ ಉಪಮೆಯನ್ನು ಎಳೆಯಬೇಡ ಎಂದರು. ಒಪ್ಪಿದೆ. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಉಪ್ಪು, ತಪ್ಪು, ಅಪ್ಪ ಎಂಬಲ್ಲಿ ಪಕಾರ ಹಾಗೆಯೇ ಉಳಿದಿದೆಯಲ್ಲ, ‘ಉಹ್ಹು’ ಆಗಲಿಲ್ಲವಲ್ಲ, ಇದಕ್ಕೆ ನಿಮ್ಮ ಕೋಷ್ಟಕದಲ್ಲಿ ಜಾಗವೆಲ್ಲಿ? ಗೆಳೆಯನನ್ನು ಕೇಳಿದೆ. ಪ್ರೋಟೀನುಗಳಲ್ಲಿಯೂ ಹೀಗೆಯೇ ಇದೆಯಂತೆ. ಉಸಿರಾಟದ ಕೆಲಸದಲ್ಲಿ ತೊಡಗುವ ಸೈಟೋಕ್ರೋಮ್-ಸಿ ಎಂಬ ಪ್ರೋಟೀನು ಮನುಷ್ಯನಿಗೂ ಕುದುರೆಗೂ ೧೨ ಕಡೆ ಬೇರೆಯಾಗಿದೆ. ಚಿಂಪಾಂಜಿಯದು ನಮ್ಮದರಂತೆಯೇ ಇದೆ. ಆದರೆ ಅದರಲ್ಲಿ ಕಬ್ಬಿಣವುಳ್ಳ ಹೀಮ್ ಎಂಬ ಭಾಗವನ್ನು ಹಿಡಿದಿರುವ ಎರಡು ಸಿಸ್ಟೀನ್ ಮಣಿಗಳು ಮೂವರಲ್ಲಿಯೂ ಅಲ್ಲಾಡಿಲ್ಲ. ಸ್ಥಾನವನ್ನು ನೋಡದೆ ಎಲ್ಲೆಡೆಗೂ ಒಂದೇ ಅಂಕ ಕೊಡುವುದು ಡೇಹಾಫ್ ಕೋಷ್ಟಕದ ಮಿತಿ. ಸ್ಥಾನಕ್ಕೊಂದು ಕೋಷ್ಟಕವಿಡುವ ಕ್ರಮ ಆಮೇಲೆ ಬಂದಿತು.

ಇನ್ನೊಂದು ಎಚ್ಚರಿಕೆ ನನ್ನದೇ. ಹೋಲಿಕೆಯಿದ್ದ ಮಾತ್ರಕ್ಕೆ ತಾಯಿ ಮಕ್ಕಳೆನ್ನಲಾಗದು. ಸಂಸ್ಕೃತದ ತತ್ಸಮಗಳು ನಮ್ಮಲ್ಲಿ ಎಷ್ಟೋ ಇವೆ. ಅದರಿಂದ ಕನ್ನಡ ಸಂಸ್ಕೃತದ ಮಗಳಾಗಲಿಲ್ಲ. ಬ್ಯಾಕ್ಟೀರಿಯಗಳಲ್ಲಿಯೂ ಒಂದರ ಜೀನು ಇನ್ನೊಂದಕ್ಕೆ ಎರವಲು ಹೋಗುತ್ತದೆ.

ಇಷ್ಟೆಲ್ಲ ಅಕ್ಷರದಾಟದಿಂದ ಯಾರಿಗೇನು ಪ್ರಯೋಜನವೆಂದು ಕೇಳುವವರಿಗೆ ೧೯೮೩ರ ಸಂಗತಿಯೊಂದನ್ನು ಹೇಳಬೇಕು. ಕೋತಿಗಳಲ್ಲಿ ಗೆಡ್ಡೆ ಬರಿಸುವ ವೈರಸ್ಸೊಂದರ ‘ಸಿಸ್’ ಎಂಬ ಜೀನು ಕ್ಯಾನ್ಸರಿಗೆ ಕಾರಣವೆಂದು ಗೊತ್ತಿತ್ತು. ಅದು ಏನು ಮಾಡುತ್ತದೆಂಬುದು ಯಾರಿಗೂ ಗೊತ್ತಿರಲಿಲ್ಲ. ಇತ್ತ ಗಾಯವಾದಾಗ ರಕ್ತದ ಕಿರುಬಿಲ್ಲೆಗಳಿಂದ ಹೊರಟು, ಬೆಳೆಯಿರೆಂದು ಜೀವಕೋಶಗಳಿಗೆ ಅಪ್ಪಣೆ ಕೊಡುವ ಪ್ರೋಟೀನೊಂದರ ಮಣಿಗಳ ಕ್ರಮ ಆ ವರ್ಷ ಭಾಗಶಃ ತಿಳಿಯಿತು. ಕ್ಯಾಲಿಫೋರ್ನಿಯದ ರಸಲ್ ಡೂಲಿಟ್ಲ್ ಅವರು ಅದನ್ನು ತಮ್ಮ ಸಂಗ್ರಹದೊಡನೆ ಹೋಲಿಸಿ ನೋಡಿದಾಗ ಎರಡೂ ಬಹುಮಟ್ಟಿಗೆ ಒಂದೇ ಎಂದು ತಿಳಿದುಬಂದಿತು. ಇಂಗ್ಲೆಂಡಿನಲ್ಲಿ ಮೈಕೇಲ್ ವಾಟರ್‌ಫೀಲ್ಡ್ ಅವರ ತಂಡವೂ ಅದೇ ವೇಳೆಗೆ ಇದನ್ನೇ ಕಂಡಿತು. ವೈರಸ್ಸು ನಮ್ಮಂಥ ಪ್ರಾಣಿಗಳ ಬೆಳವಣಿಗೆಯ ಅಪ್ಪಣೆಯನ್ನೇ ಕದ್ದು, ಗಾಯವಿಲ್ಲದಾಗಲೂ ಕೂಗುತ್ತಿತ್ತು! ಡೂಲಿಟ್ಲ್ ಅವರು ತಮ್ಮ ಸಂಗ್ರಹಕ್ಕೆ ಇಟ್ಟಿದ್ದ ಹೆಸರಿನ ಅರ್ಥ ‘ಹೊಸ ಅಟ್ಲಾಸ್’ ಎಂದು. ಹಳೆಯ ಅಟ್ಲಾಸಿನ ಒಡತಿ ಇದನ್ನು ಕಾಣಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ, ೫೭ನೆಯ ವಯಸ್ಸಿನಲ್ಲಿ, ಡೇಹಾಫ್ ತೀರಿಕೊಂಡಿದ್ದರು. ಡೂಲಿಟ್ಲ್ ಅವರ ಲೇಖನ ಬಂದದ್ದು ಜುಲೈ ತಿಂಗಳಲ್ಲಿ.

ನಿಘಂಟಿದ್ದ ಮಾತ್ರಕ್ಕೆ ಮಾತುಕತೆಯಾಗದು. ಪ್ರೋಟೀನುಗಳು ಒಂದನ್ನೊಂದು ಕರೆದು, ತಡೆದು, ಕೂಡಿ ನಡೆಸುವ ಸಂಸಾರವನ್ನು ಒಟ್ಟಾಗಿ ತಿಳಿಯುವ ಪ್ರಯತ್ನಕ್ಕೆ ಸಿಸ್ಟಮ್ಸ್ ಬಯಾಲಜಿ ಎನ್ನುತ್ತಾರೆ. ಮೇಲೆ ಹೇಳಿದ ೧೯೮೩ರ ಲೇಖನದ ಕರ್ತೃಗಳಲ್ಲೊಬ್ಬರಾದ ಲೀರಾಯ್ ಹುಡ್ ಅವರೇ ೨೦೦೦ದಲ್ಲಿ ಸಿಯಾಟಲ್ ನಗರದಲ್ಲಿ ಅದಕ್ಕೆಂದು ಸಂಸ್ಥೆಯೊಂದನ್ನು ಕಟ್ಟಲು ಮುಂದಾದರು. ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರೊಡನೆ ಕೂಡಿ ೨೦೧೪ರಲ್ಲಿ ಮಾನವನ ಪ್ರೋಟೀನುಗಳ ಕರಡು ನಕ್ಷೆಯನ್ನು ಪ್ರಕಟಿಸಿದರು. ಮನುಷ್ಯದೇಹದ ೩೦ ಬಗೆಯ ಅಂಗಾಂಶಗಳನ್ನೂ ಕೋಶಗಳನ್ನೂ ಪರೀಕ್ಷಿಸಿ ೧೭,೨೯೪ ಜೀನುಗಳ ಪ್ರೋಟೀನುಗಳನ್ನು ಅವರು ಗುರುತಿಸಿದ್ದರು. ಪ್ರೋಟೀನು ಕೊಡುವ ಜೀನುಗಳಲ್ಲಿ ಇದು ನೂರಕ್ಕೆ ಸುಮಾರು ೮೪. ಯಾವ ಅಂಗದಲ್ಲಿ ಯಾವ ಪ್ರೋಟೀನು ಇದೆಯೆಂದು ತಿಳಿಯುವುದು ಸಂಸಾರದ ಕತೆಗೆ ಮೊದಲು ಬೇಕಾದ ಪಾತ್ರಗಳ ಪಟ್ಟಿ.

ಮತ್ತೆ ಆ ಮೂರು ಸಾಲುಗಳಿಗೆ ಬರುತ್ತೇನೆ. ‘ಪಾಲ್’ ಮತ್ತು ‘ಆಲು’ ಎರಡನ್ನೇ ಎದುರಿಟ್ಟರೆ ಪಕಾರ ಏಕೆ ಬಿದ್ದುಹೋಯಿತೆಂದು ಯಾವ ಕೋಷ್ಟಕವೂ ಹೇಳದು. ನಡುವೆ ‘ಹಾಲು’ ಇರುವುದರಿಂದ ದಾರಿ ಕಾಣುತ್ತದೆ. ದೂರದ ಪ್ರೋಟೀನುಗಳ ನೆಂಟಸ್ತಿಕೆಯನ್ನು ಹುಡುಕುವವರೂ ಹೀಗೆ ನಡುವಿನವರನ್ನು ಹಿಡಿದೇ ಹೋಗುತ್ತಾರೆಂದು ಗೆಳೆಯ ಹೇಳಿದನು. ಅದಕ್ಕಾಗಿ ನಾವಿಬ್ಬರೂ ನೋಟುಪುಸ್ತಕವೊಂದರಲ್ಲಿ ಮೂರು ಸಾಲುಗಳ ಪಟ್ಟಿಯನ್ನು ಆರಂಭಿಸಿದ್ದೇವೆ. ಹಳಗನ್ನಡದ ರೂಪ ನನ್ನ ಪಾಲಿಗೆ, ಅಂಕ ಹಾಕುವುದು ಅವನ ಪಾಲಿಗೆ. ಮೂರನೆಯ ಸಾಲಿಗಾಗಿ ಭಾನುವಾರ ಊರಿಗೆ ಹೋದಾಗ ಅವ್ವನನ್ನು ಒಲೆಯ ಮುಂದೆ ಕೂರಿಸಿಕೊಂಡು ಕೇಳಿದೆ. “ಇದನ್ನೂ ಬರ್ಕೋತಾರೇನ್ಲಾ?” ಎಂದು ನಗುತ್ತಲೇ ಹೇಳಿದಳು. ಇದುವರೆಗೆ ೪೩ ಮಾತುಗಳು ಸೇರಿವೆ.