ದೇಹವು ತನ್ನವರನ್ನು ಗುರುತಿಸುವ ಬಗೆ

ಅಣ್ಣನು ಪ್ರೀತಿಯಿಂದ ಕೊಟ್ಟ ಮೂತ್ರಪಿಂಡವನ್ನೂ ತಮ್ಮನ ದೇಹವು ಪರಕೀಯವೆಂದು ತಿರಸ್ಕರಿಸುವುದುಂಟು. ಒಡಹುಟ್ಟಿದವರೊಳಗೂ ಈ ಭೇದವೇಕೆ? ಇದನ್ನು ಅರಿತರೆ ರೋಗನಿರೋಧಕ ಶಕ್ತಿಯ ನಿಜಸ್ವರೂಪವು ತಿಳಿಯುತ್ತದೆ.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳ ಹೊರಮೈಯಲ್ಲಿ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿವೆ. ಧಾನ್ಯದ ವ್ಯಾಪಾರಿಯು ಚೀಲದೊಳಗಿನ ಕಾಳನ್ನು ಹಿಡಿಯಷ್ಟು ತೆಗೆದು ತೋರಿಸುವಂತೆ, ಇವು ಕೋಶದೊಳಗೆ ತಯಾರಾದ ಪ್ರೋಟೀನುಗಳ ತುಣುಕುಗಳನ್ನು ಹೊರಗೆ ತೋರಿಸುತ್ತಿರುತ್ತವೆ. ಬಿಳಿ ರಕ್ತಕಣಗಳ ಜಾತಿಗೆ ಸೇರಿದ ಟಿ ಕೋಶಗಳು ಇವನ್ನು ಪರೀಕ್ಷಿಸುತ್ತ ಸಂಚರಿಸುತ್ತವೆ. ತುಣುಕು ದೇಹದ್ದೇ ಆಗಿದ್ದರೆ ಸುಮ್ಮನೆ ಮುಂದೆ ಸಾಗುತ್ತವೆ. ವೈರಾಣುವಿನದಾಗಿದ್ದರೆ ಸೋಂಕು ತಗುಲಿದ ಆ ಕೋಶವನ್ನು ಕೊಲ್ಲುತ್ತವೆ.

ಈ ವಿವೇಕವನ್ನು ಟಿ ಕೋಶಗಳು ಕಲಿಯುವುದು ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಅಲ್ಲಿ ಅವುಗಳಿಗೆ ಎರಡು ಪರೀಕ್ಷೆಗಳುಂಟು. ತನ್ನ ದೇಹದ ಎಚ್‌ಎಲ್‌ಎಯನ್ನು ಗುರುತಿಸಲಾರದ ಕೋಶವು ಸಾಯುತ್ತದೆ. ದೇಹದ ಸ್ವಂತ ತುಣುಕನ್ನು ಕಂಡೇ ಕೆರಳುವ ಕೋಶವೂ ಸಾಮಾನ್ಯವಾಗಿ ಉಳಿಯದು. ಹೀಗೆ ಉತ್ತೀರ್ಣವಾಗಿ ಹೊರಬರುವವು 100ಕ್ಕೆ ಸುಮಾರು 5 ಅಥವಾ ಅದಕ್ಕೂ ಕಡಿಮೆ. ಪರೀಕ್ಷೆಯಿಂದ ನುಸುಳಿ ಬಂದವನ್ನು ನಿಯಂತ್ರಕ ಟಿ ಕೋಶಗಳು ಹತೋಟಿಯಲ್ಲಿಡುತ್ತವೆ. ಈ ಹತೋಟಿಗೆ ಸಂಬಂಧಿಸಿದ ಶೋಧಗಳಿಗಾಗಿ ಬ್ರಂಕೊ, ರ‍್ಯಾಮ್ಸ್‌ಡೆಲ್ ಮತ್ತು ಸಕಾಗುಚಿ ಅವರಿಗೆ 2025ರ ನೊಬೆಲ್ ಪಾರಿತೋಷಕವು ಸಂದಿತು. ಹತೋಟಿ ತಪ್ಪಿದಾಗ ದೇಹವು ತನ್ನನ್ನೇ ನೋಯಿಸಿಕೊಳ್ಳುತ್ತದೆ. ರುಮಟಾಯ್ಡ್ ಸಂಧಿವಾತ, ಟೈಪ್ 1 ಮಧುಮೇಹಗಳು ಇಂತಹ ವ್ಯಾಧಿಗಳು.

ಎಚ್‌ಎಲ್‌ಎ ನಮಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತದೆ. ಆದುದರಿಂದ ಒಡಹುಟ್ಟಿದವರಲ್ಲಿ ಅದು ಪೂರ್ಣವಾಗಿ ಹೊಂದುವ ಸಂಭವವು 4ರಲ್ಲಿ 1 ಮಾತ್ರ. 1954ರಲ್ಲಿ ಬೋಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ‍್ರೆ ಅವರು ಮಾಡಿದ ಮೂತ್ರಪಿಂಡ ಕಸಿಯು ಯಶಸ್ವಿಯಾದುದಕ್ಕೆ ಕಾರಣವೂ ಇದೇ: ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾಗಿದ್ದರು. ಉಳಿದವರಿಗೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು ಸಾಮಾನ್ಯವಾಗಿ ಆ ಅಂಗವಿರುವವರೆಗೂ ಅವಶ್ಯ.

ನಿರೋಧಕ ಶಕ್ತಿಯು ಹೆಚ್ಚಿದಷ್ಟೂ ಒಳಿತೆಂಬುದು ತಪ್ಪು ಕಲ್ಪನೆ; ಅದರ ಹಿರಿಮೆಯಿರುವುದು ತನ್ನದನ್ನೂ ಅನ್ಯವನ್ನೂ ಬೇರ್ಪಡಿಸಿ ತಿಳಿಯುವುದರಲ್ಲಿ. ಆದಕಾರಣ ಅಂಗ ಕಸಿ ಮಾಡಿಸಿಕೊಂಡ ಭಕ್ತರು ಆರೋಗ್ಯವಾಗಿದ್ದೇವೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಶಕ್ತಿ ಹೆಚ್ಚಿಸುವುದೆಂದು ಯಾರಾದರೂ ಕೊಟ್ಟ ಚೂರ್ಣ, ಕಷಾಯಗಳನ್ನು ವೈದ್ಯರನ್ನು ಕೇಳದೆ ಸೇವಿಸಲೂಬಾರದು. ಮನೆಯವರೂ ಈ ವಿಷಯದಲ್ಲಿ ಎಚ್ಚರದಿಂದಿದ್ದರೆ ದಾನವಾಗಿ ಬಂದ ಅಂಗವು ಬಹುಕಾಲ ಬಾಳುತ್ತದೆ.