ತಿಪ್ಪೆಯ ಬಿಸಿ, ಎಂಜಲಿನ ಬಕೆಟ್ಟು: ಅಭ್ಯಾಸ ಬೋಧನೆಯ ಒಂದು ಘಟಕ

ತೊಂಡೇಬಾವಿಯ ಶಾಲೆಯೊಂದರಲ್ಲಿ 8ನೇ ತರಗತಿಗೆ ಸೂಕ್ಷ್ಮಜೀವಿಗಳ ಘಟಕ ಬೋಧಿಸಿದೆ. ಪೂರ್ವಜ್ಞಾನ ಪರೀಕ್ಷಿಸಲು ‘ಕಾಂಪೋಸ್ಟ್ ಎಂದರೇನು?’ ಎಂದು ಕೇಳಿದಾಗ ತರಗತಿ ಸುಮ್ಮನಿತ್ತು. ‘ತಿಪ್ಪೆ’ ಎಂದೊಡನೆ ಕೈಗಳೆದ್ದವು. ಮನೆಯಲ್ಲಿ ತೆಲುಗು ಆಡುವವರು ‘ಪೆಂಟ’ ಎಂದರು. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದೆ. ತಿಪ್ಪೆ ಕೆದಕಿದರೆ ಬೆಳಗಿನ ಹೊತ್ತು ಹಬೆ ಏಳುತ್ತದೆ ಎಂದ ಒಬ್ಬ ಹುಡುಗ. ಆ ಬಿಸಿ ಎಲ್ಲಿಂದ ಬಂತೆಂಬುದೇ ಪಾಠದ ಪ್ರಶ್ನೆಯಾಯಿತು.

ಅಕ್ಷರ ದಾಸೋಹದಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆಗಳನ್ನು ಎರಡು ಕಡೆ ಹಾಕಿದೆವು: ಒಂದು ಹೂಕುಂಡ, ಇನ್ನೊಂದು ಇಟ್ಟಿಗೆ ಜೋಡಿಸಿದ, ಉದ್ದ ಅಗಲ ಎತ್ತರ ತಲಾ 1 ಮೀಟರಿನ ತೊಟ್ಟಿ. ಅನ್ನವೊಂದನ್ನೇ ಸುರಿದರೆ ಗಾಳಿಯಾಡದೆ ನಾರುತ್ತದೆ. ಇಂಗಾಲ, ಸಾರಜನಕಗಳ ಪ್ರಮಾಣ ಸುಮಾರು 30ಕ್ಕೆ 1 ಇರಬೇಕು. ಅದಕ್ಕಾಗಿ ಪ್ರತಿ ಪದರದ ಮೇಲೂ ಒಣ ಹೊಂಗೆ ಎಲೆ, ಕತ್ತರಿಸಿದ ಜೋಳದ ದಂಟು ಹರಡಿ ಸಗಣಿ ನೀರು ಚಿಮುಕಿಸಿದೆವು.

ಗಾಜಿನ ಉಷ್ಣತಾಮಾಪಕ ಒಡೆಯುತ್ತದೆಂದು ಕಬ್ಬಿಣದ ಸಲಾಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡುತ್ತಿದ್ದೆವು. ಡಿಸೆಂಬರಿನ ಚಳಿಯಲ್ಲಿ ಕುಂಡದ ಸಲಾಕೆ ತಣ್ಣಗಿತ್ತು, ತೊಟ್ಟಿಯದು ಬಿಸಿಯಾಗಿತ್ತು. ಜೀವಾಣುಗಳು ಎರಡರಲ್ಲೂ ಶಾಖ ಹುಟ್ಟಿಸುತ್ತವೆ, ಆದರೆ ಚಿಕ್ಕ ರಾಶಿ ಅದನ್ನು ಬೇಗ ಕಳೆದುಕೊಳ್ಳುತ್ತದೆ. ‘ಒಬ್ಬರೇ ಮಲಗಿದ್ರೆ ಚಳಿ, ಒತ್ಕೊಂಡು ಮಲಗಿದ್ರೆ ಬೆಚ್ಚಗಿರುತ್ತೆ ಸಾರ್’ ಎಂದಳು ಒಬ್ಬಳು. ಇಷ್ಟು ಒಳ್ಳೆಯ ವಿವರಣೆ ನನ್ನ ಪಾಠಯೋಜನೆಯಲ್ಲಿರಲಿಲ್ಲ.

ವಿಸ್ತರಣೆಗೆ ಕೆನಡಾದ ಇಕಾಲುಯಿಟ್ ಊರನ್ನು ಭೂಪಟದಲ್ಲಿ ತೋರಿಸಿದೆ. ಅಲ್ಲಿನವರಲ್ಲಿ ಹೆಚ್ಚಿನವರು ಇನ್ಯುಯಿಟ್ ಮೂಲನಿವಾಸಿಗಳು. ನೆಲ ವರ್ಷವಿಡೀ ಒಳಗೆ ಹೆಪ್ಪುಗಟ್ಟಿರುತ್ತದೆ, ಮರಗಳಿಲ್ಲ. ಅಂಗಡಿ ಸಾಮಾನು ವಿಮಾನದಲ್ಲಿ, ಬೇಸಿಗೆಯಲ್ಲಿ ಹಡಗಿನಲ್ಲಿ ಬರುತ್ತದೆ. ಗುಂಡಿ ತೋಡಲಾಗದು, ಒಣ ಎಲೆಯೂ ಇಲ್ಲ, ತಿಪ್ಪೆ ಹೇಗೆ? ‘ಸಾಮಾನು ಬಂದ ರಟ್ಟಿನ ಡಬ್ಬ ಹರಿದು ಹಾಕೋದು’, ‘ಊರಿನವರದ್ದೆಲ್ಲ ಒಂದೇ ಕಡೆ ಹಾಕಿ ಮೇಲೆ ಹೊದಿಸೋದು’ ಎಂಬ ಉತ್ತರಗಳು ಬಂದವು. ಎರಡೂ ಸರಿಯಾದ ದಿಕ್ಕಿನವು.

ಎಲ್ಲರದ್ದೂ ಒಂದೇ ಕಡೆ ಎಂಬುದು ತರಗತಿಯಲ್ಲಿ ಹೇಳಿದಷ್ಟು ಸುಲಭವಲ್ಲ. ತೊಟ್ಟಿ ತುಂಬಬೇಕಾದರೆ ತಟ್ಟೆಯಲ್ಲಿ ಬಿಟ್ಟದ್ದೂ ಬೇಕು, ಅದು ಎಂಜಲು. ಮೂರೇ ದಿನದಲ್ಲಿ ಬಕೆಟ್ಟು ಅದೇ ಇಬ್ಬರು ಹುಡುಗರ ಕೈಗೆ ಸೇರತೊಡಗಿತು, ಯಾರೂ ಹೇಳದಿದ್ದರೂ. ಏಕೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ ಬರೆದು ಗೋಡೆಗೆ ಅಂಟಿಸಿದೆ. ಶನಿವಾರಕ್ಕೆ ನನ್ನ ಹೆಸರು. ಒಬ್ಬ ತಂದೆ ಬಂದು, ‘ನಮ್ಮ ಹುಡುಗ ಓದೋಕೆ ಬರ್ತಾನೆ ಮೇಷ್ಟ್ರೇ, ಎಂಜಲು ಎತ್ತೋಕಲ್ಲ’ ಎಂದರು. ಪಟ್ಟಿ ತೋರಿಸಿದೆ. ಪೂರ್ತಿ ಓದಿ, ‘ಗೊಬ್ಬರ ಯಾರಿಗೆ?’ ಎಂದರು. ಶಾಲೆಯ ನುಗ್ಗೆ ಗಿಡಗಳಿಗೆ ಎಂದೆ. ಒಪ್ಪಿದರೋ ಇಲ್ಲವೋ, ಹುಡುಗ ತನ್ನ ದಿನ ಬಕೆಟ್ಟು ಹಿಡಿದ.

ನಮ್ಮ ಅವಲೋಕನ ಪಟ್ಟಿಯಲ್ಲಿ ಇದಕ್ಕೆ ಅಂಕಣವಿಲ್ಲ. ಇರಬೇಕೆಂಬುದು ನನ್ನ ಅಭಿಪ್ರಾಯ. ಗೊಬ್ಬರ ಮಾಗಲು ಎರಡು ಮೂರು ತಿಂಗಳು ಬೇಕು, ಅಭ್ಯಾಸ ಬೋಧನೆ ಅದಕ್ಕೂ ಮೊದಲೇ ಮುಗಿಯುತ್ತದೆ. ಹಾಗಾಗಿ ಹೊರಡುವಾಗ ಮಾರ್ಗದರ್ಶಕ ಶಿಕ್ಷಕರಿಗೆ ಸಲಾಕೆಯ ಜೊತೆ ಮುಂದಿನ ಎರಡು ತಿಂಗಳ ಸರದಿ ಪಟ್ಟಿಯನ್ನೂ ಕೊಟ್ಟು ಬಂದೆ.